ಮಕ್ಕಳಲ್ಲಿ ಮೂತ್ರಪಿಂಡದ ರೋಗಗಳು: ಪತ್ತೆ ಮತ್ತು ಚಿಕಿತ್ಸೆ

ಮುಂಬಯಿ ಮಹಾನಗರದ ಈಶಾನ್ಯದ ಅಂಚಿನಲ್ಲಿ, ಠಾಣೆಗೆ ಹೊಂದಿಕೊಂಡಂತೆ ಮುಲುಂಡ್ ಉಪನಗರವಿದೆ. ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಸಾಲು, ನಡುವೆ ಮಧ್ಯ ರೈಲ್ವೆಯ ಹಳಿಗಳು, ಅವುಗಳ ಎರಡೂ ಬದಿಗೆ ಒತ್ತಾಗಿ ಬೆಳೆದ ವಸತಿಗಳು. ಉದ್ಯೋಗವನ್ನರಸಿ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಕನ್ನಡ ಕುಟುಂಬಗಳು ಇಲ್ಲಿ ಬಹುಕಾಲದಿಂದ ನೆಲೆಸಿವೆ. ಇಂತಹ ಯಾವುದೇ ಮನೆಯಲ್ಲಿ ನಡೆಯಬಹುದಾದ ಒಂದು ಸಂಗತಿಯಿಂದ ಈ ವಿಷಯವನ್ನು ಆರಂಭಿಸಬಹುದು.

ಮೂರು ವರ್ಷದ ಮಗುವೊಂದು ಬೆಳಗ್ಗೆ ಎದ್ದಾಗ ಅದರ ಕಣ್ಣಿನ ರೆಪ್ಪೆಗಳು ಊದಿಕೊಂಡಿವೆ. ಸೊಳ್ಳೆ ಕಚ್ಚಿರಬೇಕೆಂದು ತಾಯಿ ಭಾವಿಸುತ್ತಾಳೆ. ಸಂಜೆಯ ವೇಳೆಗೆ ಊತ ಇಳಿದು ಮುಖ ಸರಿಯಾಗುತ್ತದೆ. ಮರುದಿನ ಮತ್ತೆ ಅದೇ ಊತ. ನೆರೆಯವರು ಅಲರ್ಜಿ ಎನ್ನುತ್ತಾರೆ, ಅಂಗಡಿಯಿಂದ ಕಣ್ಣಿನ ಹನಿಮದ್ದು ಬರುತ್ತದೆ, ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ವಾರ ಕಳೆಯುವಷ್ಟರಲ್ಲಿ ಮಗುವಿನ ಕೆನ್ನೆ ತುಂಬಿಕೊಂಡು, ಹೊಟ್ಟೆ ಮುಂದೆ ಬಂದು, ಚಡ್ಡಿಯ ಲಾಡಿ ಬಿಗಿಯಾಗುತ್ತದೆ. ಮಗು ಮೈಕೈ ತುಂಬಿಕೊಂಡಿತೆಂದು ಮನೆಯವರು ಸಂತೋಷಪಡುವುದೂ ಉಂಟು. ಆದರೆ ಕಾಲಿನ ಮುಂಭಾಗವನ್ನು ಬೆರಳಿನಿಂದ ಒತ್ತಿದರೆ ಅಲ್ಲೊಂದು ಕುಳಿ ಬೀಳುತ್ತದೆ. ಮಗುವಿನ ದೇಹದಲ್ಲಿ ಹೆಚ್ಚಿರುವುದು ಮಾಂಸವಲ್ಲ, ನೀರು. ರೋಗವಿರುವುದು ಕಣ್ಣಿನಲ್ಲಲ್ಲ, ಮೂತ್ರಪಿಂಡದಲ್ಲಿ.

ಮಕ್ಕಳ ಮೂತ್ರಪಿಂಡದ ರೋಗಗಳಲ್ಲಿ ಬಹುಪಾಲು ಹೀಗೆಯೇ ಬೇರೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಹೆಚ್ಚಿನ ವೇಳೆ ನೋವಿರುವುದಿಲ್ಲ. ಆದ್ದರಿಂದಲೇ ಅವು ತಡವಾಗಿ ಪತ್ತೆಯಾಗುತ್ತವೆ. ಆದರೆ ಅವನ್ನು ಪತ್ತೆಹಚ್ಚುವ ಮೊದಲ ಪರೀಕ್ಷೆ ಅತ್ಯಂತ ಸರಳವಾದುದು, ಅಗ್ಗವಾದುದು: ಅದು ಮೂತ್ರ ಪರೀಕ್ಷೆ.

ಮೂತ್ರಪಿಂಡದ ಕಾರ್ಯ

ಬೆನ್ನೆಲುಬಿನ ಎರಡೂ ಬದಿಗೆ, ಪಕ್ಕೆಲುಬುಗಳ ಕೆಳಭಾಗದಲ್ಲಿ ಹುರುಳಿಕಾಯಿ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕ ಘಟಕಗಳಿದ್ದು ಇವಕ್ಕೆ ನೆಫ್ರಾನ್‌ಗಳೆಂದು ಹೆಸರು. ರಕ್ತವನ್ನು ಸೋಸಿ ಕಶ್ಮಲವನ್ನು ಹೊರಹಾಕುವುದು, ನೀರು ಮತ್ತು ಲವಣಗಳ ಸಮತೋಲನವನ್ನು ಕಾಯುವುದು ಇವುಗಳ ಮುಖ್ಯ ಕೆಲಸ. ಇದಲ್ಲದೆ ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ರಕ್ತಕಣಗಳ ಉತ್ಪಾದನೆಗೆ ಪ್ರಚೋದನೆ ನೀಡುವುದು, ಮೂಳೆ ಬಲಿಯಲು ಬೇಕಾದ ಡಿ ಜೀವಸತ್ವವನ್ನು ಸಕ್ರಿಯಗೊಳಿಸುವುದು ಕೂಡ ಮೂತ್ರಪಿಂಡದ್ದೇ ಹೊಣೆ. ಆದ್ದರಿಂದ ಬೆಳೆಯುವ ಮಗುವಿನಲ್ಲಿ ಇದು ಕೆಟ್ಟರೆ ಎತ್ತರ ಕುಂಠಿತವಾಗುತ್ತದೆ, ರಕ್ತಹೀನತೆ ಬರುತ್ತದೆ, ಮೂಳೆಗಳು ಬಾಗುತ್ತವೆ.

ನೆಫ್ರಾನ್‌ಗಳೆಲ್ಲವೂ ಗರ್ಭದಲ್ಲಿರುವಾಗಲೇ, ಸುಮಾರು 36 ವಾರಗಳ ಒಳಗೆ ರೂಪುಗೊಂಡು ಮುಗಿಯುತ್ತವೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಆ ಬಳಿಕ ಹೊಸದಾಗಿ ಒಂದೂ ಹುಟ್ಟುವುದಿಲ್ಲ. ಅವಧಿಗೆ ಮುಂಚೆ ಅಥವಾ ಕಡಿಮೆ ತೂಕದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಅವುಗಳ ಸಂಖ್ಯೆ ಕಡಿಮೆಯಿರುವುದರಿಂದ ಅಂತಹ ಮಕ್ಕಳ ರಕ್ತದೊತ್ತಡ ಮತ್ತು ಮೂತ್ರದ ಬಗ್ಗೆ ಮುಂದೆಯೂ ಎಚ್ಚರ ಅಗತ್ಯ. ಹುಟ್ಟುವಾಗ ದೊರೆತ ಈ ಬಂಡವಾಳವನ್ನು ಜೀವನಪರ್ಯಂತ ಉಳಿಸಿಕೊಳ್ಳಬೇಕಾಗಿದೆ.

ಊತದ ರೋಗ: ನೆಫ್ರೋಟಿಕ್ ಸಿಂಡ್ರೋಮ್

ಮೇಲೆ ಹೇಳಿದ ಮಗುವಿಗೆ ಬಂದಿರುವುದು ನೆಫ್ರೋಟಿಕ್ ಸಿಂಡ್ರೋಮ್. ಮೂತ್ರಪಿಂಡದ ಜರಡಿ ಸಡಿಲಗೊಂಡು, ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವುದು ಇದರ ಲಕ್ಷಣ. ರಕ್ತದಲ್ಲಿ ಪ್ರೋಟೀನು ಕಡಿಮೆಯಾದಾಗ, ಮತ್ತು ದೇಹವು ಉಪ್ಪನ್ನು ಹಿಡಿದಿಟ್ಟುಕೊಂಡಾಗ, ನೀರು ರಕ್ತನಾಳಗಳಿಂದ ಹೊರಬಂದು ಚರ್ಮದ ಕೆಳಗೆ ಸೇರಿಕೊಳ್ಳುತ್ತದೆ. ರಾತ್ರಿ ಮಲಗಿದಾಗ ಅದು ಮುಖಕ್ಕೆ ಬರುತ್ತದೆ, ಹಗಲು ಓಡಾಡಿದಾಗ ಕಾಲಿಗೆ ಇಳಿಯುತ್ತದೆ. ಬೆಳಗಿನ ಊತ ಸಂಜೆ ಇಳಿಯುವುದು ಈ ಕಾರಣದಿಂದ.

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ಇಂತಹ ಊತಕ್ಕೂ ಮೂತ್ರಪಿಂಡಕ್ಕೂ ಇರುವ ಸಂಬಂಧವನ್ನು ವಿವರಿಸಿದನು. ಅವನ ಕಾಲದ ಪರೀಕ್ಷೆ ಸರಳವಾಗಿತ್ತು. ಚಮಚೆಯಲ್ಲಿ ರೋಗಿಯ ಮೂತ್ರವನ್ನು ತೆಗೆದುಕೊಂಡು ಮೇಣದ ಬತ್ತಿಯ ಉರಿಗೆ ಹಿಡಿದರೆ, ಪ್ರೋಟೀನು ಇದ್ದಲ್ಲಿ, ಕಾಯಿಸಿದ ಮೊಟ್ಟೆಯ ಬಿಳಿಯಂತೆ ಅದು ಗಡ್ಡೆಕಟ್ಟುತ್ತಿತ್ತು. ಅದೇ ತತ್ತ್ವದ ಪರೀಕ್ಷೆ ಇಂದಿಗೂ ಉಪಯುಕ್ತವಾಗಿದೆ.

ಈ ರೋಗ ಹೆಚ್ಚಾಗಿ ಎರಡರಿಂದ ಆರು ವರ್ಷದೊಳಗೆ ಆರಂಭವಾಗುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನು ಮೂರು ಅಥವಾ ನಾಲ್ಕು ಪ್ಲಸ್ ಇರುವುದು, ರಕ್ತದಲ್ಲಿ ಆಲ್ಬುಮಿನ್ ಇಳಿದಿರುವುದು, ಮೈಯಲ್ಲಿ ಊತವಿರುವುದು, ಇವು ಸೇರಿದರೆ ರೋಗ ನಿರ್ಧಾರವಾದಂತೆ. ಇದರ ಜೊತೆಗೆ ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣವನ್ನೂ ರಕ್ತದೊತ್ತಡವನ್ನೂ ನೋಡುತ್ತಾರೆ. ಚಿಕಿತ್ಸೆ ಆರಂಭಿಸುವ ಮುನ್ನ ಮಗುವಿಗೆ ಕ್ಷಯರೋಗವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ನಮ್ಮ ದೇಶದಲ್ಲಿ ಮುಖ್ಯ. ಸೂಜಿಯಿಂದ ಮೂತ್ರಪಿಂಡದ ಚೂರನ್ನು ತೆಗೆದು ನೋಡುವ ಬಯಾಪ್ಸಿ ಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ರೋಗ ಬಂದಾಗ, ಔಷಧಕ್ಕೆ ಬಗ್ಗದಿದ್ದಾಗ, ರಕ್ತದೊತ್ತಡ ಹೆಚ್ಚಿದ್ದು ಮೂತ್ರದಲ್ಲಿ ರಕ್ತವೂ ಹೋಗುತ್ತಿದ್ದಾಗ ವೈದ್ಯರು ಇಂತಹ ವಿಶೇಷ ಪರೀಕ್ಷೆಗಳಿಗೆ ಮುಂದಾಗುತ್ತಾರೆ.

ಔಷಧದ ಅವಧಿಯನ್ನು ಪೂರ್ಣಗೊಳಿಸುವುದು

ಸ್ಟಿರಾಯ್ಡ್ ಮತ್ತು ಪ್ರತಿಜೈವಿಕ ಔಷಧಗಳು ಬರುವ ಮುನ್ನ ಈ ರೋಗದ ಅನೇಕ ಮಕ್ಕಳು ಸೋಂಕು ತಗುಲಿ ಸಾಯುತ್ತಿದ್ದರು. ಇಂದು ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಗೆ ಕೆಲವೇ ವಾರಗಳಲ್ಲಿ ಸ್ಪಂದಿಸುತ್ತಾರೆ. ಇಂಡಿಯನ್ ಸೊಸೈಟಿ ಆಫ್ ಪೀಡಿಯಾಟ್ರಿಕ್ ನೆಫ್ರಾಲಜಿ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಮೊದಲ ಬಾರಿ ರೋಗ ಬಂದಾಗ ಆರು ವಾರ ಪ್ರತಿದಿನ, ಅನಂತರ ಪ್ರಮಾಣವನ್ನು ಇಳಿಸಿ ಆರು ವಾರ ದಿನ ಬಿಟ್ಟು ದಿನ ಈ ಔಷಧವನ್ನು ಕೊಡಬೇಕು. ಮಗುವಿನ ತೂಕ ಮತ್ತು ಎತ್ತರವನ್ನು ನೋಡಿ ಪ್ರಮಾಣವನ್ನು ನಿಗದಿ ಮಾಡುವವರು ವೈದ್ಯರು.

ಚಿಕಿತ್ಸೆ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಎರಡು ವಾರದಲ್ಲಿ ಊತ ಇಳಿದು ಮಗು ಆಟಕ್ಕೆ ಹೊರಡುತ್ತದೆ. ಅದೇ ಹೊತ್ತಿಗೆ ಔಷಧದ ಪರಿಣಾಮವಾಗಿ ಹಸಿವು ಹೆಚ್ಚಿ ಮುಖ ದುಂಡಗಾಗುತ್ತದೆ, ಮಗು ಹಟಮಾರಿಯಾಗುತ್ತದೆ. ಸ್ಟಿರಾಯ್ಡ್ ಎಂದರೆ ವಿಷವೆಂದು ಯಾರೋ ಹೇಳುತ್ತಾರೆ. ಮನೆಯವರು ಮಾತ್ರೆಯನ್ನು ನಿಲ್ಲಿಸುತ್ತಾರೆ. ಈ ಔಷಧಕ್ಕೆ ಅಡ್ಡಪರಿಣಾಮಗಳಿಲ್ಲವೆಂದಲ್ಲ. ದೀರ್ಘಕಾಲ ಕೊಟ್ಟಾಗ ರಕ್ತದೊತ್ತಡ ಏರಬಹುದು, ಬೆಳವಣಿಗೆ ತಗ್ಗಬಹುದು, ಕಣ್ಣಿನಲ್ಲಿ ಪೊರೆ ಬರಬಹುದು. ಅದಕ್ಕಾಗಿಯೇ ವೈದ್ಯರು ಎತ್ತರ, ತೂಕ, ರಕ್ತದೊತ್ತಡ, ಕಣ್ಣು ಇವುಗಳ ಮೇಲೆ ನಿಗಾ ಇಡುತ್ತಾರೆ. ಆದರೆ ನಡುವೆ ಥಟ್ಟನೆ ನಿಲ್ಲಿಸುವುದು ಇವೆಲ್ಲಕ್ಕಿಂತ ಅಪಾಯಕರ. ಸ್ಟಿರಾಯ್ಡನ್ನು ಹೊರಗಿನಿಂದ ಪಡೆಯುತ್ತಿರುವ ದೇಹವು ತಾನೇ ತಯಾರಿಸುವುದನ್ನು ತಾತ್ಕಾಲಿಕವಾಗಿ ಮರೆತಿರುತ್ತದೆ. ಆ ಹೊತ್ತಿನಲ್ಲಿ ಜ್ವರವೋ ವಾಂತಿಯೋ ಬಂದರೆ ಮಗು ಕುಸಿದುಬೀಳಬಹುದು.

ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಈ ರೋಗ ಮರುಕಳಿಸುತ್ತದೆ. ಇದನ್ನು ಚಿಕಿತ್ಸೆಯ ಸೋಲೆಂದು ತಿಳಿಯಬೇಕಾಗಿಲ್ಲ. ಇದು ರೋಗದ ಸ್ವಭಾವ. ಪದೇ ಪದೇ ಮರುಕಳಿಸುವವರಿಗೆ ಲೆವಾಮಿಸೋಲ್, ಮೈಕೊಫಿನೊಲೇಟ್ ಮೊದಲಾದ ಇತರ ಔಷಧಗಳಿವೆ. ಸ್ಟಿರಾಯ್ಡಿಗೆ ಸ್ಪಂದಿಸುವ ಮಕ್ಕಳಲ್ಲಿ ಬಹುಪಾಲು ಮಂದಿ ಹದಿಹರೆಯದ ಹೊತ್ತಿಗೆ ರೋಗದಿಂದ ಬಿಡುಗಡೆ ಹೊಂದುತ್ತಾರೆ. ಅವರ ಮೂತ್ರಪಿಂಡ ಕೆಡುವುದಿಲ್ಲ. ಅಲ್ಲಿಯವರೆಗೆ ಮಗುವನ್ನು ಸುರಕ್ಷಿತವಾಗಿ ದಾಟಿಸುವುದೇ ಚಿಕಿತ್ಸೆಯ ಉದ್ದೇಶ.

ಮನೆಯಲ್ಲಿನ ಪರೀಕ್ಷೆ ಮತ್ತು ನೋಟುಪುಸ್ತಕ

ರೋಗ ಮರುಕಳಿಸುವುದನ್ನು ಊತ ಬರುವ ಮುನ್ನವೇ ಮೂತ್ರದಲ್ಲಿ ಕಾಣಬಹುದು. ಪರೀಕ್ಷಾ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಬದಲಾದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳೊಂದಿಗೆ ಹೋಲಿಸುವುದು ಒಂದು ವಿಧಾನ. ಪಟ್ಟಿ ದುಬಾರಿಯೆನಿಸಿದರೆ, ಗಾಜಿನ ನಳಿಕೆಯಲ್ಲಿ ಮೂತ್ರ ತೆಗೆದುಕೊಂಡು ಸಲ್ಫೋಸ್ಯಾಲಿಸಿಲಿಕ್ ಆಮ್ಲದ ದ್ರಾವಣದ ಕೆಲವು ಹನಿಗಳನ್ನು ಬೆರೆಸಬಹುದು. ದ್ರವ ತಿಳಿಯಾಗಿಯೇ ಉಳಿದರೆ ಪ್ರೋಟೀನು ಇಲ್ಲ; ಮಸುಕಾದರೆ ಸ್ವಲ್ಪವಿದೆ; ಮೊಸರಿನಂತೆ ಹೆಪ್ಪುಗಟ್ಟಿದರೆ ಬಹಳವಿದೆ. ಓದುಬರಹ ಹೆಚ್ಚಿಲ್ಲದ ತಾಯಂದಿರೂ ಇದನ್ನು ಒಂದೆರಡು ದಿನಗಳಲ್ಲಿ ಕಲಿಯಬಲ್ಲರು.

ರೋಗ ಶಾಂತವಾಗಿರುವಾಗ ವಾರಕ್ಕೆ ಎರಡು ಮೂರು ಬಾರಿ, ನೆಗಡಿ ಜ್ವರ ಬಂದಾಗ ಅಥವಾ ಊತ ಕಂಡಾಗ ಪ್ರತಿದಿನ ಬೆಳಗ್ಗೆ ಈ ಪರೀಕ್ಷೆಯನ್ನು ಮಾಡಬೇಕು. ಸತತವಾಗಿ ಮೂರು ದಿನ ಮೂರು ಅಥವಾ ನಾಲ್ಕು ಪ್ಲಸ್ ಬಂದರೆ ರೋಗ ಮರುಕಳಿಸಿದೆಯೆಂದು ಅರ್ಥ. ಆಗ ವೈದ್ಯರನ್ನು ಕಾಣಬೇಕು. ದಿನಾಂಕ, ಪರೀಕ್ಷೆಯ ಫಲ, ಕೊಟ್ಟ ಮಾತ್ರೆ, ಮಗುವಿನ ತೂಕ, ಬಂದ ಕಾಯಿಲೆ ಇವಿಷ್ಟನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ವೈದ್ಯರಿಗೆ ಇದಕ್ಕಿಂತ ಬೆಲೆಯುಳ್ಳ ದಾಖಲೆ ಬೇರೊಂದಿಲ್ಲ.

ಮುಂಬಯಿಯ ಕನ್ನಡ ಕುಟುಂಬಗಳಿಗೆ ಈ ಪುಸ್ತಕದ ಉಪಯೋಗ ಇನ್ನೂ ಹೆಚ್ಚು. ಮೇ ತಿಂಗಳ ರಜೆಯಲ್ಲಿ ಮಕ್ಕಳು ಊರಿಗೆ ಹೋಗುತ್ತಾರೆ. ಮದುವೆ, ಉಪನಯನ, ಜಾತ್ರೆಗಳ ಗಡಿಬಿಡಿಯಲ್ಲಿ ಮಾತ್ರೆ ತಪ್ಪುತ್ತದೆ, ಉಪ್ಪಿನ ಪಥ್ಯ ಮುರಿಯುತ್ತದೆ. ಅಲ್ಲಿನ ವೈದ್ಯರಿಗೆ ಮಗುವಿನ ಪೂರ್ವೇತಿಹಾಸ ತಿಳಿದಿರುವುದಿಲ್ಲ. ಬಟ್ಟೆಬರೆಯ ಜೊತೆಗೆ ಈ ಪುಸ್ತಕವೂ ಸಾಕಷ್ಟು ಮಾತ್ರೆಗಳೂ ಹೊರಟರೆ ಉಡುಪಿಯ ವೈದ್ಯರಾಗಲಿ ಕಲಬುರಗಿಯ ವೈದ್ಯರಾಗಲಿ ಚಿಕಿತ್ಸೆಯನ್ನು ನಿಂತಲ್ಲಿಂದ ಮುಂದುವರಿಸಬಲ್ಲರು.

ಆಹಾರದ ಬಗೆಗೂ ತಪ್ಪು ಕಲ್ಪನೆಗಳಿವೆ. ಊತವಿರುವಾಗ ಉಪ್ಪನ್ನು ಕಡಿಮೆ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಫರಸಾಣ, ಪೊಟ್ಟಣದ ಚಿಪ್ಸ್ ಬೇಡ. ಆದರೆ ಬೇಳೆ, ಹಾಲು, ಮೊಟ್ಟೆ ಮುಂತಾದವನ್ನು ನಿಲ್ಲಿಸಬಾರದು. ಬೆಳೆಯುವ ಮಗುವಿಗೆ ಎಂದಿನ ಊಟ ಬೇಕು. ಸ್ಟಿರಾಯ್ಡ್ ನಡೆಯುತ್ತಿರುವಾಗ ಯಾವುದೇ ಲಸಿಕೆಯನ್ನು ಮೂತ್ರಪಿಂಡದ ವೈದ್ಯರನ್ನು ಕೇಳಿಯೇ ಹಾಕಿಸಬೇಕು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಕೂಡಲೇ ತಿಳಿಸಬೇಕು. ಊತವಿರುವ ಮಗುವಿಗೆ ಜ್ವರದೊಂದಿಗೆ ಹೊಟ್ಟೆನೋವು ಬಂದರೆ ಅದು ಹೊಟ್ಟೆಯೊಳಗಿನ ನೀರಿಗೆ ಸೋಂಕು ತಗುಲಿದ ಸೂಚನೆಯಾಗಿರಬಹುದು. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇತರ ರೋಗಗಳ ಸೂಚನೆಗಳು

ಮೂತ್ರದ ಬಣ್ಣ ಹಾಲಿಲ್ಲದ ಚಹದಂತೆ ಕಪ್ಪುಗೆಂಪಾಗುವುದು, ಪ್ರಮಾಣ ಕಡಿಮೆಯಾಗುವುದು, ಮುಖ ಊದುವುದು ಇವು ತೀವ್ರ ಮೂತ್ರಪಿಂಡ ಉರಿಯೂತದ ಲಕ್ಷಣಗಳು. ಗಂಟಲುನೋವು ಬಂದು ಒಂದೆರಡು ವಾರಗಳ ಮೇಲೆ, ಅಥವಾ ಕಜ್ಜಿ, ಕುರುಗಳಾಗಿ ಕೆಲವು ವಾರಗಳ ಮೇಲೆ ಇದು ತಲೆದೋರಬಹುದು. ಇಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ಸಂಭವವಿರುವುದರಿಂದ ಆಸ್ಪತ್ರೆಯ ನಿಗಾ ಅವಶ್ಯ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹೆಚ್ಚಿನ ಮಕ್ಕಳು ಸಂಪೂರ್ಣ ಗುಣಮುಖರಾಗುತ್ತಾರೆ. ಮಕ್ಕಳಿಗೂ ರಕ್ತದೊತ್ತಡವಿರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆಯಾದರೂ, ಮಗುವಿನ ತೋಳಿಗೆ ತಕ್ಕ ಅಳತೆಯ ಪಟ್ಟಿಯನ್ನು ಬಳಸಿ, ಅದನ್ನು ಅಳೆಯಬೇಕು.

ಕೂಸುಗಳಲ್ಲಿ ಮೂತ್ರದ ಸೋಂಕು ಕೇವಲ ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಆದರೂ ಜ್ವರ ಬಿಡುತ್ತಿಲ್ಲವೆಂದಾದರೆ ಮೂತ್ರವನ್ನು ಪರೀಕ್ಷಿಸಲೇಬೇಕು. ಪ್ರತಿಜೈವಿಕ ಔಷಧವನ್ನು ಆರಂಭಿಸುವ ಮುನ್ನವೇ ಕಲ್ಚರ್ ಪರೀಕ್ಷೆಗೆ ಮೂತ್ರವನ್ನು ಶುಚಿಯಾಗಿ ಸಂಗ್ರಹಿಸಬೇಕು. ಒಂದೆರಡು ಗುಟುಕು ಔಷಧ ಹೋದ ಮೇಲೆ ರೋಗಾಣು ಸಿಗದೆ ಹೋಗಬಹುದು. ಕೆಲವು ಮಕ್ಕಳಲ್ಲಿ ಮೂತ್ರಕೋಶದಿಂದ ಮೂತ್ರ ಹಿಂದಕ್ಕೆ, ಮೂತ್ರಪಿಂಡದತ್ತ ಹರಿಯುತ್ತಿರುತ್ತದೆ. ಪದೇ ಪದೇ ಸೋಂಕಾದರೆ ಅಲ್ಲಿ ಕಲೆಗಳುಳಿದು ಮುಂದೆ ರಕ್ತದೊತ್ತಡಕ್ಕೂ ಮೂತ್ರಪಿಂಡ ವೈಫಲ್ಯಕ್ಕೂ ದಾರಿಯಾಗುತ್ತದೆ. ಇದನ್ನು ಅಲ್ಟ್ರಾಸೌಂಡ್ ಮತ್ತು ಇತರ ಚಿತ್ರಣ ಪರೀಕ್ಷೆಗಳಿಂದ ತಿಳಿಯಬಹುದು.

ಗಂಡುಕೂಸು ಮೂತ್ರ ಮಾಡುವಾಗ ತಿಣುಕಿದರೆ, ಧಾರೆ ಬಾರದೆ ಹನಿಹನಿಯಾಗಿ ಬಿದ್ದರೆ, ಮೂತ್ರದ ಹಾದಿಯಲ್ಲಿ ಹುಟ್ಟಿನಿಂದಲೇ ಪೊರೆಯ ತಡೆ ಇರುವ ಸಾಧ್ಯತೆಯಿದೆ. ದುರ್ಬೀನಿನ ಮೂಲಕ ಮಾಡುವ ಶಸ್ತ್ರಕ್ರಿಯೆಯಿಂದ ಈ ತಡೆಯನ್ನು ತೆಗೆಯಬಹುದು. ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಮೂತ್ರಪಿಂಡ ಊದಿಕೊಂಡಿದೆಯೆಂದು ಬರೆದಿದ್ದರೆ, ಹೆರಿಗೆಯಾದ ಬಳಿಕ ಆ ಕಾಗದವನ್ನು ಕಡತದಲ್ಲಿ ಮರೆಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಶಾಲೆಗೆ ಹೋಗುವ ಮಕ್ಕಳಲ್ಲಿ, ವಿಶೇಷವಾಗಿ ಹುಡುಗಿಯರಲ್ಲಿ, ಮೂತ್ರವನ್ನು ತಡೆದುಕೊಳ್ಳುವ ಅಭ್ಯಾಸ ಮತ್ತು ಮಲಬದ್ಧತೆ ಸೋಂಕಿಗೆ ಕಾರಣಗಳಾಗುತ್ತವೆ. ಶೌಚಾಲಯ ಕೊಳಕಾಗಿದ್ದರೆ ಹುಡುಗಿ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಪಾಠದ ನಡುವೆ ಹೊರಗೆ ಹೋಗಲು ಅನುಮತಿ, ಇವು ಶಾಲೆಯೊಂದು ಮಕ್ಕಳ ಮೂತ್ರಪಿಂಡಕ್ಕೆ ಮಾಡಬಹುದಾದ ದೊಡ್ಡ ಉಪಕಾರ.

ಹಠಾತ್ ವೈಫಲ್ಯ

ಚೆನ್ನಾಗಿದ್ದ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸುವುದೂ ಉಂಟು. ವಾಂತಿಭೇದಿಯಿಂದ ದೇಹದ ನೀರು ಬತ್ತುವುದು ಇದಕ್ಕೆ ಸಾಮಾನ್ಯ ಕಾರಣ. ಓಆರ್‌ಎಸ್ ದ್ರಾವಣವನ್ನು ಆರಂಭದಿಂದಲೇ ಗುಟುಕು ಗುಟುಕಾಗಿ ಕುಡಿಸಿದರೆ ಇದನ್ನು ತಡೆಯಬಹುದು. ನೀರು ಬತ್ತಿದ ಮಗುವಿಗೆ ಐಬುಪ್ರೊಫೇನ್‌ನಂತಹ ನೋವುನಿವಾರಕಗಳನ್ನು ಕೊಡುವುದು ಹಾನಿಕರ. ಮುಂಬಯಿಯ ಮಳೆಗಾಲದಲ್ಲಿ ರಸ್ತೆಯಲ್ಲಿ ನಿಂತ ನೀರಿನಲ್ಲಿ ನಡೆದವರಿಗೆ ಇಲಿಜ್ವರ ತಗುಲುವುದುಂಟು. ಅದು ಕೂಡ ಮೂತ್ರಪಿಂಡವನ್ನು ಕೆಡಿಸಬಲ್ಲದು. ಆದ್ದರಿಂದ ಮಳೆಗಾಲದ ಜ್ವರವನ್ನು ಲಘುವಾಗಿ ಕಾಣಬಾರದು.

ಔಷಧವೇ ವಿಷವಾದ ದೃಷ್ಟಾಂತಗಳೂ ಇವೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಗ್ಲಿಸರಿನ್ ಸೇವಿಸಿ 14 ರೋಗಿಗಳು ಅಸುನೀಗಿದರು. ಇದೇ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ಪಿನಿಂದ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಪ್ರದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸಾವಿಗೀಡಾದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪುಗಳನ್ನು ಕೊಡಬಾರದೆಂದೂ ಐದು ವರ್ಷದೊಳಗಿನವರಿಗೆ ಅವು ಸಾಮಾನ್ಯವಾಗಿ ಅನಗತ್ಯವೆಂದೂ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆ ವರ್ಷ ಸೂಚಿಸಿತು. ಔಷಧ ಕುಡಿದ ಮಗು ಮೂತ್ರ ಮಾಡುವುದನ್ನು ನಿಲ್ಲಿಸಿದರೆ, ಸೀಸೆಯ ಸಮೇತ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ದೀರ್ಘಕಾಲದ ರೋಗ

ಕೆಲವು ಮಕ್ಕಳಲ್ಲಿ ಮೂತ್ರಪಿಂಡವು ವರ್ಷಗಳ ಕಾಲ ಸದ್ದಿಲ್ಲದೆ ಕ್ಷೀಣಿಸುತ್ತದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು, ಬಿಳಿಚಿಕೊಂಡಿರುವುದು, ಕಾಲು ಬಾಗುವುದು, ಅತಿಯಾದ ಬಾಯಾರಿಕೆ, ಹಾಸಿಗೆ ಒದ್ದೆಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುವುದು ಇದರ ಸೂಚನೆಗಳು. ಬೇಗ ಪತ್ತೆಯಾದರೆ ರಕ್ತದೊತ್ತಡದ ಹತೋಟಿ, ಆಹಾರ ಮತ್ತು ಔಷಧಗಳ ಮೂಲಕ ಕೆಡುವ ವೇಗವನ್ನು ತಗ್ಗಿಸಬಹುದು. ವೈಫಲ್ಯ ಪೂರ್ಣಗೊಂಡಾಗ ಡಯಾಲಿಸಿಸ್ ಬೇಕಾಗುತ್ತದೆ. ಪುಟ್ಟ ಮಕ್ಕಳಿಗೆ ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲಿಯೇ ಮಾಡಬಹುದಾದ ಡಯಾಲಿಸಿಸ್ ಅನುಕೂಲಕರ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ಕುಟುಂಬಗಳಿಗೆ ಡಯಾಲಿಸಿಸ್ ಸೇವೆ ಉಚಿತವಾಗಿ ದೊರೆಯುತ್ತದೆ.

ಆದರೆ ಮಗುವಿಗೆ ಉತ್ತಮ ಚಿಕಿತ್ಸೆ ಮೂತ್ರಪಿಂಡದ ಕಸಿ. ನಮ್ಮ ದೇಶದಲ್ಲಿ ಇದರ ಮೊದಲ ಪ್ರಯತ್ನ 1965ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಡೆಯಿತು, 1971ರಲ್ಲಿ ವೆಲ್ಲೂರಿನಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಅಂಗಗಳ ಮಾರಾಟವನ್ನು ನಿಷೇಧಿಸಿ, ಹತ್ತಿರದ ಬಂಧುಗಳ ದಾನಕ್ಕೂ ಮರಣೋತ್ತರ ದಾನಕ್ಕೂ ಅವಕಾಶ ನೀಡಿತು. 2011ರ ತಿದ್ದುಪಡಿಯಿಂದ ಅಜ್ಜ ಅಜ್ಜಿಯರೂ ಹತ್ತಿರದ ಬಂಧುಗಳ ಪಟ್ಟಿಗೆ ಸೇರಿದ್ದಾರೆ.

ನೆರವು ಎಲ್ಲಿದೆ

ಮುಲುಂಡಿನ ನಿವಾಸಿಗಳಿಗೆ ನೆರವು ದೂರವಿಲ್ಲ. ಮೂತ್ರ ಪರೀಕ್ಷೆಯಂತಹ ಮೊದಲ ಹೆಜ್ಜೆಯನ್ನು ಬಡಾವಣೆಯ ಪ್ರಯೋಗಾಲಯದಲ್ಲಿಯೋ ಮಹಾನಗರ ಪಾಲಿಕೆಯ ದವಾಖಾನೆಯಲ್ಲಿಯೋ ಇಡಬಹುದು. ತಜ್ಞರ ಸಲಹೆ ಬೇಕಾದಾಗ ನಿಧಾನಗತಿಯ ಲೋಕಲ್ ರೈಲಿನಲ್ಲಿ ಸಾಯನ್‌ನಲ್ಲಿ ಇಳಿದರೆ ಪಾಲಿಕೆಯ ಲೋಕಮಾನ್ಯ ತಿಲಕ್ ಆಸ್ಪತ್ರೆಯಿದೆ. ಇನ್ನೂ ಮುಂದೆ ಪರೇಲಿನಲ್ಲಿ ಕೆ.ಇ.ಎಂ. ಆಸ್ಪತ್ರೆಯೂ 1929ರಲ್ಲಿ ಮಕ್ಕಳಿಗಾಗಿಯೇ ತೆರೆದ ಬಾಯಿ ಜೆರ್ಬಾಯಿ ವಾಡಿಯಾ ಆಸ್ಪತ್ರೆಯೂ ಇವೆ. ಕರ್ನಾಟಕದಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮಕ್ಕಳ ಮೂತ್ರಪಿಂಡ ತಜ್ಞರಿದ್ದಾರೆ. ವೆಚ್ಚವನ್ನು ಭರಿಸಲಾಗದವರು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಯೋಜನೆಗಳಲ್ಲಿ ತಮಗೆ ದೊರೆಯಬಹುದಾದ ಸಹಾಯವನ್ನು ವಿಚಾರಿಸಬೇಕು.

ಮಕ್ಕಳ ಮೂತ್ರಪಿಂಡದ ರೋಗಗಳಲ್ಲಿ ಹಲವು ಸಂಪೂರ್ಣ ಗುಣವಾಗುತ್ತವೆ, ಕೆಲವು ಹತೋಟಿಗೆ ಬರುತ್ತವೆ. ತಜ್ಞರು, ಆಸ್ಪತ್ರೆಗಳು, ಔಷಧಗಳು ಎಷ್ಟೇ ಇದ್ದರೂ ಬೆಳಗ್ಗೆ ಎದ್ದ ಮಗುವಿನ ಮುಖವನ್ನು ಮೊದಲು ನೋಡುವವಳು ತಾಯಿ. ಊದಿದ ರೆಪ್ಪೆಯನ್ನು ಕಂಡ ದಿನವೇ ಕಣ್ಣಿನ ಹನಿಮದ್ದನ್ನು ಹುಡುಕುವ ಬದಲು ಶುಚಿಯಾದ ಸೀಸೆಯಲ್ಲಿ ಮೂತ್ರವನ್ನು ಹಿಡಿದು ಪರೀಕ್ಷೆಗೆ ಕೊಟ್ಟರೆ, ಆ ಮಗುವಿನ ಚಿಕಿತ್ಸೆಯ ಅರ್ಧ ದಾರಿ ಅಂದೇ ಸಾಗಿದಂತೆ.